ಬೀದಿಯೇ ಸಾಕಿದ ಸಂಗೀತ: ರಾಮೋತ್ಸವ ಕಚೇರಿಗಳ ಚರಿತ್ರೆ

ಕರ್ನಾಟಕದಲ್ಲಿ ಶಾಸ್ತ್ರೀಯ ಸಂಗೀತವನ್ನು ಸಾಕಿ ಸಲಹಿದವರು ಯಾರು ಎಂದು ಕೇಳಿದರೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಮೈಸೂರು ಅರಮನೆಯದು. ಅದು ನ್ಯಾಯವಾದ ಮಾತೇ. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಇವರೆಲ್ಲ ಆ ಆಶ್ರಯದ ನೆರಳಲ್ಲಿ ಬಾಳಿದವರು. ಆದರೆ ಆ ದರ್ಬಾರು ಮುಗಿದು ಮುಕ್ಕಾಲು ಶತಮಾನವೇ ಕಳೆದಿದೆ. ಸಂಗೀತ ಮಾತ್ರ ನಿಲ್ಲಲಿಲ್ಲ. ರಾಜರು ಕೈಬಿಟ್ಟ ಹೊರೆಯನ್ನು ಹೊತ್ತವರು ಬೀದಿಯ ಜನ: ಮೇಷ್ಟರು, ಗುಮಾಸ್ತರು, ಕಿರಾಣಿ ಅಂಗಡಿಯವರು, ವಕೀಲರು, ಮನೆಯೊಡತಿಯರು. ಅವರು ಅದನ್ನು ಹೊತ್ತದ್ದು ದೇವರ ಹೆಸರಿನಲ್ಲಿ, ದೇವರ ಎದುರಿನಲ್ಲಿ, ಯುಗಾದಿಯ ನಂತರದ ಬೇಸಿಗೆಯ ಸಂಜೆಗಳಲ್ಲಿ. ಸಂಗೀತ ಬಾಳುವುದಕ್ಕೆ ದೊಡ್ಡ ಊರಾಗಲಿ ದೊಡ್ಡ ಸಭಾಂಗಣವಾಗಲಿ ಬೇಕಿಲ್ಲ, ವರ್ಷವರ್ಷ ತಪ್ಪದೆ ಒಟ್ಟಾಗುವ ನೆರೆಹೊರೆ ಬೇಕು ಎಂಬುದನ್ನು ರಾಮೋತ್ಸವದ ಚರಿತ್ರೆ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಹಿರಿಯೂರು ಸೀಮೆಯವರಾದ ನಾವು ಆ ಚರಿತ್ರೆಯನ್ನು ತಿಳಿದಿರಬೇಕಾದದ್ದು ಅದಕ್ಕಾಗಿಯೇ.

ದೇವರ ಎದುರಿನ ಕಚೇರಿ

ದೇವರ ಮನೆಯೇ ಊರಿನ ಸಂಗೀತದ ಮನೆಯೂ ಆಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಜರ್ಮನಿಯ ಲ್ಯೂಬೆಕ್ ಎಂಬ ವ್ಯಾಪಾರಿಗಳ ಪಟ್ಟಣದಲ್ಲಿ ಸಂತ ಮೇರಿಯ ಚರ್ಚಿದೆ. 1668ರಲ್ಲಿ ಅಲ್ಲಿಗೆ ಆರ್ಗನ್ ವಾದಕನಾಗಿ ಬಂದ ಬುಕ್ಸ್ಟೆಹುಡ ಎಂಬ ಸಂಗೀತಗಾರ ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರಗಳ ಸಂಜೆ ಚರ್ಚಿನೊಳಗೆ ಕಚೇರಿ ನಡೆಸುತ್ತಿದ್ದ. ಅದು ಪ್ರಾರ್ಥನೆಯ ಭಾಗವಾಗಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಊರಿನವರಿಗಾಗಿಯೇ ನಡೆಯುತ್ತಿದ್ದ ಸಂಗೀತ ಅದು. ಖರ್ಚು ಕೊಡುತ್ತಿದ್ದವರು ಪಟ್ಟಣದ ವರ್ತಕರು, ಕೇಳುಗರಿಗೆ ಟಿಕೆಟ್ಟಿರಲಿಲ್ಲ. ಈ ಕಚೇರಿಗಳ ಕೀರ್ತಿ ಕೇಳಿ 1705ರಲ್ಲಿ ಇಪ್ಪತ್ತು ವರ್ಷದ ಬಾಖ್ ಆರ್ನ್‌ಸ್ಟಾಟ್‌ ಊರಿನಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಬಂದ. ನಾಲ್ಕು ವಾರಕ್ಕೆಂದು ರಜೆ ಕೇಳಿ ಹೊರಟವನು ಹಿಂದಿರುಗಿದ್ದು ತಿಂಗಳುಗಳ ಮೇಲೆ. ಮುಂದೆ ಯುರೋಪಿನ ಸಂಗೀತವನ್ನೇ ಬದಲಿಸಿದವನಿಗೆ ಹಸಿವು ಹಚ್ಚಿದ್ದು ಒಂದು ಪಟ್ಟಣದ ವರ್ತಕರ ಚಂದಾ ಹಣದಲ್ಲಿ ನಡೆಯುತ್ತಿದ್ದ ಚರ್ಚಿನ ಕಚೇರಿ.

ನಮ್ಮ ಚಿತ್ರದುರ್ಗದ ಸೀಮೆಗೂ ಈ ಪದ್ಧತಿ ಹೊಸದಲ್ಲ. ಮಳೆ ಹೋದ ವರ್ಷ ಗುಡಿಯಲ್ಲಿ ವಿರಾಟಪರ್ವ ಓದಿಸುವುದು, ಶ್ರಾವಣದ ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ ಮಾಡುವುದು, ಶನಿಮಹಾತ್ಮನ ಕಥೆ ಇಡಿಸುವುದು, ಗೊಲ್ಲರ ಹಟ್ಟಿಗಳಲ್ಲಿ ಉದ್ದನೆಯ ಬಿದಿರ ಗಣೆ ಊದಿಕೊಂಡು ಜುಂಜಪ್ಪನ ಕಾವ್ಯ ಹಾಡುವುದು, ಇವೆಲ್ಲ ದೇವರ ಎದುರು ಊರು ಕೂಡಿ ಕೇಳುವ ಸಂಗೀತವೇ. ಕೇಳುವವರು ಹಾಡುವವರನ್ನು ಹೆಸರು ಹಿಡಿದು ಬಲ್ಲರು. ಹಾಡುವವನು ತಾಳ ತಪ್ಪಿದರೆ ಮುಂದಿನ ಸಾಲಿನ ಅಜ್ಜ ಕೈಯೆತ್ತಿ ಸರಿಪಡಿಸುತ್ತಾನೆ. ಇಷ್ಟು ಹತ್ತಿರದಿಂದ ಕೇಳುವ ಅಭ್ಯಾಸ ಇದ್ದ ನೆಲದಲ್ಲೇ ಮುಂದೆ ರಾಮೋತ್ಸವದ ಕಚೇರಿ ಬೇರು ಬಿಟ್ಟಿತು.

ಇನ್ನೊಂದು ನಂಟನ್ನೂ ಇಲ್ಲಿ ನೆನೆಯಬೇಕು. ನಮ್ಮ ಭಜನೆ ಮನೆಗಳ ಹಾರ್ಮೋನಿಯಂ ಪೆಟ್ಟಿಗೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ. ಅದು ಮಿಷನರಿಗಳ ಜೊತೆ ನಮ್ಮ ದೇಶಕ್ಕೆ ಬಂದು, ಚರ್ಚುಗಳಲ್ಲಿ ಕಾಲಿನಿಂದ ತುಳಿಯುವ ವಾದ್ಯವಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮವರಿಗಾಗಿ ಅದನ್ನು ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯನ್ನಾಗಿ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಪಿಟೀಲಿನ ಕಥೆಯೂ ಅಂಥದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ನಿಂತು ನುಡಿಸುವ ವಾದ್ಯವನ್ನು ನಮ್ಮವರು ಕೂತು ಪಾದಕ್ಕೂ ಎದೆಗೂ ಒರಗಿಸಿಕೊಂಡರು. ಚರ್ಚಿನಲ್ಲಿ ಮತ್ತು ದೊರೆಗಳ ಬ್ಯಾಂಡಿನಲ್ಲಿ ನುಡಿಯುತ್ತಿದ್ದ ಈ ವಾದ್ಯಗಳು ಬರಬರುತ್ತ ರಾಮನ ಎದುರು ನುಡಿಯತೊಡಗಿದವು.

ರಾಮನವಮಿಯೇ ಏಕೆ

ಗಣಪತಿ ಹಬ್ಬಕ್ಕೆ, ನವರಾತ್ರಿಗೆ, ಪುರಂದರರ ಆರಾಧನೆಗೆ ಸಂಗೀತ ಇದ್ದೇ ಇದೆ. ಆದರೂ ದಿನಗಟ್ಟಲೆ ಕಚೇರಿ ನಡೆಯುವ ಹಬ್ಬವೆಂದರೆ ರಾಮನವಮಿ. ಇದಕ್ಕೆ ಗಟ್ಟಿಯಾದ ಕಾರಣಗಳಿವೆ. ತ್ಯಾಗರಾಜರ ಕೃತಿಗಳಲ್ಲಿ ಬಹುಪಾಲು ರಾಮನನ್ನು ಕುರಿತವು. ಹಾಗಾಗಿ ಹಾಡುವವರಿಗೆ ಸರಕಿನ ಕೊರತೆಯೇ ಇಲ್ಲ. ಒಂದು ತಿಂಗಳು ದಿನವೂ ಹಾಡಿದರೂ ಮುಗಿಯದು. ಚೈತ್ರದ ಪಾಡ್ಯದಿಂದ ನವಮಿಯವರೆಗೆ ಗರ್ಭ ರಾಮೋತ್ಸವ, ನವಮಿಯಿಂದ ಮುಂದಕ್ಕೆ ಜನ್ಮ ರಾಮೋತ್ಸವ. ಎರಡನ್ನೂ ಸೇರಿಸಿಕೊಂಡರೆ ಕಚೇರಿಗಳಿಗೆ ಬೇಕಾದಷ್ಟು ದಿನ ಪಂಚಾಂಗದಲ್ಲೇ ಸಿಗುತ್ತವೆ. ಮೂರನೆಯದು ಕಾಲ. ಪರೀಕ್ಷೆಗಳು ಮುಗಿಯುತ್ತ ಬಂದಿರುತ್ತವೆ, ಶಾಲೆಯ ಬಯಲು ಖಾಲಿ ಇರುತ್ತದೆ, ಸುಗ್ಗಿ ಮುಗಿದಿರುತ್ತದೆ, ಮಳೆಯ ಭಯ ಕಡಿಮೆ. ಹಗಲಿನ ಧಗೆಗೆ ಬಳಲಿದವರಿಗೆ ಸಂಜೆ ಚಪ್ಪರದಡಿ ಕೂತು ಪಾನಕ ಕುಡಿದು ಕೋಸಂಬರಿ ತಿಂದು ಹಾಡು ಕೇಳುವುದಕ್ಕಿಂತ ದೊಡ್ಡ ಸುಖವಿಲ್ಲ.

ಇದೇ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಕನ್ನಡ ನಾಡಿನ ಹೆಣ್ಣುಮಗಳು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಮದರಾಸಿನಲ್ಲಿ ಹಾಡಿ ಗಳಿಸಿದ್ದನ್ನೆಲ್ಲ ತಿರುವೈಯಾರಿನ ಆ ಜಾಗಕ್ಕೆ ಸುರಿದರು. ಪಾಳುಬಿದ್ದಿದ್ದ ಸಮಾಧಿಯ ಸುತ್ತಲಿನ ನೆಲ ಕೊಂಡು ಗುಡಿ ಎಬ್ಬಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶ ಇಲ್ಲದಿದ್ದಾಗ ಹೆಂಗಸರದೇ ಆರಾಧನೆ ನಡೆಸಿದರು. ಕೊನೆಗೆ ಎಲ್ಲ ಬಣಗಳೂ ಒಂದಾಗಿ, ಹೆಂಗಸರೂ ಗಂಡಸರೂ ಒಂದೇ ಪೂಜೆಯಲ್ಲಿ ಹಾಡುವಂತಾಯಿತು. ಇಂದು ರಾಮೋತ್ಸವದ ವೇದಿಕೆಯ ಮೇಲೆ ಹಾಡುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಈ ಕನ್ನಡತಿಯ ಋಣವಿದೆ.

ಬಿಡಾರಂ ಕೃಷ್ಣಪ್ಪನವರ ಮಂದಿರ

ಕರ್ನಾಟಕದಲ್ಲಿ ಸಂಗೀತಗಾರನೊಬ್ಬ ತಾನೇ ದೇವರ ಮನೆಯನ್ನೂ ಕಚೇರಿಯ ಮನೆಯನ್ನೂ ಒಂದಾಗಿಸಿ ಕಟ್ಟಿದ್ದಕ್ಕೆ ದೊಡ್ಡ ಉದಾಹರಣೆ ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರ. ಅದನ್ನು ಕಟ್ಟಲು ಹೊರಟವರು ಬಿಡಾರಂ ಕೃಷ್ಣಪ್ಪ. ಉಡುಪಿ ಕಡೆಯ ನಂದಳಿಕೆಯಲ್ಲಿ 1866ರಲ್ಲಿ, ಕೊಂಕಣಿ ಮಾತಾಡುವ ಬಡ ಯಕ್ಷಗಾನದ ಮನೆಯಲ್ಲಿ ಹುಟ್ಟಿದವರು. ದೇವಸ್ಥಾನದಲ್ಲಿ ಹಸಿದ ಹೊಟ್ಟೆಯಲ್ಲಿ ಹಾಡುತ್ತಿದ್ದ ಹುಡುಗನ ದನಿ ಸಾಹುಕಾರರೊಬ್ಬರ ಕಿವಿಗೆ ಬಿದ್ದು, ಅವರ ನೆರವಿನಿಂದ ಪಾಠ ಶುರುವಾಯಿತು ಎಂದು ಅವರ ಬದುಕಿನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಮುಂದೆ ಅವರು ಮೈಸೂರು ಆಸ್ಥಾನದ ವಿದ್ವಾಂಸರಾದರು. ಪಲ್ಲವಿ ಹಾಡುವುದರಲ್ಲಿ ಅವರ ಗಟ್ಟಿತನಕ್ಕೆ ಪಲ್ಲವಿ ಕೃಷ್ಣಪ್ಪ ಎಂಬ ಹೆಸರೇ ಬಂತು. ದಾಸರ ದೇವರನಾಮಗಳನ್ನು ಕಚೇರಿಯ ವೇದಿಕೆಗೆ ಗೌರವದಿಂದ ತಂದವರಲ್ಲಿ ಅವರದು ಮೊದಲ ಸಾಲಿನ ಹೆಸರು. ಕನ್ನಡದ ಕೇಳುಗ ಕನ್ನಡದ ಹಾಡನ್ನು ಕಚೇರಿಯಲ್ಲಿ ಕೇಳುವಂತಾದದ್ದಕ್ಕೆ ಕೃಷ್ಣಪ್ಪನವರ ಹಟ ದೊಡ್ಡ ಕಾರಣ.

ಗಳಿಸಿದ್ದನ್ನು ಅವರು ರಾಮನಿಗೆ ಮುಡಿಪಿಟ್ಟರು. ಮಂದಿರದಲ್ಲಿ ಪೂಜೆ ಇರಬೇಕು, ಜೊತೆಗೆ ಸಂಗೀತಗಾರರು ಬಂದು ಹಾಡಬೇಕು, ಕೇಳುವವರು ಹತ್ತಿರ ಕೂತು ಕೇಳಬೇಕು ಎಂಬುದು ಅವರ ಆಸೆ. 1931ರಲ್ಲಿ ಅವರು ತೀರಿಕೊಂಡ ಮೇಲೆ ಮಂದಿರದ ಕೆಲಸವನ್ನು ಹೆಗಲಿಗೆ ಹಾಕಿಕೊಂಡವರು ಶಿಷ್ಯ ಟಿ. ಚೌಡಯ್ಯ. ಗುರು ಬಿಟ್ಟುಹೋದ ಹೊಲದಂತೆ ಅದನ್ನು ಉತ್ತು ಬಿತ್ತಿದರು. ರಾಮನವಮಿಯ ಕಚೇರಿಗಳಿಗೆ ದಕ್ಷಿಣದ ದೊಡ್ಡ ದೊಡ್ಡ ವಿದ್ವಾಂಸರು ಆ ಚಿಕ್ಕ ಮಂದಿರಕ್ಕೆ ಬಂದು ಹಾಡಿದರು. ಅಲ್ಲಿ ಹಾಡುವುದು ಗೌರವ ಎಂದು ಕಲಾವಿದರು ಭಾವಿಸಿದರು. ಆ ಗೌರವವನ್ನು ಸಂಭಾವನೆಯ ಮೊತ್ತದಿಂದ ಯಾರೂ ಅಳೆಯಲಿಲ್ಲ.

ಏಳು ತಂತಿಯ ಪಿಟೀಲು

ಚೌಡಯ್ಯನವರ ಪಿಟೀಲನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕು. ಬಯಲಿನ ಕಚೇರಿ ಎಂಥ ಕಷ್ಟವನ್ನು ಒಡ್ಡುತ್ತಿತ್ತು ಎಂಬುದು ಅದರಿಂದ ಅರ್ಥವಾಗುತ್ತದೆ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಅವರು 1910ರಲ್ಲಿ ಕೃಷ್ಣಪ್ಪನವರ ಗುರುಕುಲ ಸೇರಿ ವರ್ಷಗಟ್ಟಲೆ ಕಠಿಣ ಸಾಧನೆ ಮಾಡಿದವರು. ಆ ಕಾಲಕ್ಕೆ ಧ್ವನಿವರ್ಧಕ ಅಪರೂಪ. ಗಾಯಕನ ಗಂಟಲು ಗಟ್ಟಿಯಿದ್ದರೆ ಹಿಂದಿನ ಸಾಲಿಗೂ ಕೇಳಿಸೀತು. ಪಕ್ಕದಲ್ಲಿ ನುಡಿಸುವ ಪಿಟೀಲಿನ ಸಣ್ಣ ದನಿ ಮುಂದಿನ ಕೆಲವು ಸಾಲುಗಳಲ್ಲೇ ಕರಗಿಹೋಗುತ್ತಿತ್ತು. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಸೇರಿಸಿದ ತಂತಿಗಳನ್ನು ಕೆಳಗಿನ ಸ್ಥಾಯಿಗೆ ಶ್ರುತಿ ಮಾಡಿ, ಒಂದೇ ಬಿಲ್ಲಿನ ಎಳೆತಕ್ಕೆ ಎರಡು ಸ್ಥಾಯಿಗಳಲ್ಲಿ ಒಂದೇ ಸ್ವರ ಹೊರಡುವಂತೆ ನುಡಿಸಿದರು. ದನಿ ದಪ್ಪವಾಯಿತು, ದೂರಕ್ಕೆ ಮುಟ್ಟಿತು. ಒಟ್ಟಿಗೆ ಎರಡು ತಂತಿಗಳನ್ನು ಒತ್ತಿ ಶ್ರುತಿ ತಪ್ಪದಂತೆ ನುಡಿಸುವುದು ಎಷ್ಟು ಕಷ್ಟವೆಂದು ಪಿಟೀಲು ಹಿಡಿದವರನ್ನೇ ಕೇಳಬೇಕು.

1957ರಲ್ಲಿ ಚೌಡಯ್ಯನವರು ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಯಾದರು. ತೀರಿಕೊಂಡದ್ದು 1967ರ ಜನವರಿಯಲ್ಲಿ. ಅವರು ಎಷ್ಟೋ ಬಾರಿ ಪಕ್ಕವಾದ್ಯ ನುಡಿಸಿದ್ದ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರೂ ಅದೇ ತಿಂಗಳಲ್ಲಿ ಹೋದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಚಪ್ಪರದ ಕೊನೆಯ ಸಾಲಿನ ಕೇಳುಗನಿಗಾಗಿ ತಂತಿ ಸೇರಿಸಿದ ವಿದ್ವಾಂಸನಿಗೆ ಊರು ತೀರಿಸಿದ ಋಣ ಅದು.

1939, ಚಾಮರಾಜಪೇಟೆ

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಅಲ್ಲಿಯ ಫೋರ್ಟ್ ಹೈಸ್ಕೂಲು 1907ರದ್ದು. ಕೋಟೆ ವೆಂಕಟರಮಣನ ಗುಡಿ, ಟಿಪ್ಪುವಿನ ಬೇಸಿಗೆ ಅರಮನೆ, ಕನ್ನಡ ಸಾಹಿತ್ಯ ಪರಿಷತ್ತು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಈ ಬಡಾವಣೆಯಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಎಂಬ ಎಳೆಯ ವಯಸ್ಸಿನ ಉತ್ಸಾಹಿ ಗೆಳೆಯರನ್ನು ಕಟ್ಟಿಕೊಂಡು ಶ್ರೀರಾಮಸೇವಾ ಮಂಡಳಿಯನ್ನು ಶುರುಮಾಡಿದರು. ಬೀದಿಯ ಹುಡುಗರು ಸೇರಿ ಮಾಡುವ ರಾಮನವಮಿಯಂತೆ ಚಿಕ್ಕದಾಗಿ ಆರಂಭವಾದದ್ದು, ಮುಂದೆ ಫೋರ್ಟ್ ಹೈಸ್ಕೂಲಿನ ಬಯಲಿಗೆ ಬಂದು, ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಈಗ ಅದು ಒಂದು ತಿಂಗಳಿಗೂ ಮೀರಿ ನಡೆಯುತ್ತದೆ.

ಅದೇ 1939ರಲ್ಲಿ ಲಂಡನ್ನಿನಲ್ಲಿ ಎರಡನೆಯ ಮಹಾಯುದ್ಧ ಬಾಗಿಲಿಗೆ ಬಂದಿತ್ತು. ಬಾಂಬಿನ ಭಯಕ್ಕೆ ಸಭಾಂಗಣಗಳು ಮುಚ್ಚಿದ್ದವು, ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಊರಾಚೆಗೆ ಸಾಗಿಸಿದ್ದರು. ಆ ಖಾಲಿ ಗೋಡೆಗಳ ನಡುವೆ ಮೈರಾ ಹೆಸ್ ಎಂಬ ಪಿಯಾನೋ ವಾದಕಿ ಅಕ್ಟೋಬರ್ 10ರಂದು ಮಧ್ಯಾಹ್ನದ ಕಚೇರಿ ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಊಟದ ಬಿಡುವಿನಲ್ಲಿ ಗುಮಾಸ್ತರೂ ಸಿಪಾಯಿಗಳೂ ಬಂದು ಕೇಳಿದರು. 1946ರವರೆಗೆ 1,698 ಕಚೇರಿಗಳು ನಡೆದವು. ಚಾಮರಾಜಪೇಟೆಯ ಹುಡುಗರಿಗೆ ಈ ಸುದ್ದಿ ಗೊತ್ತಿರಬೇಕಾದ್ದಿಲ್ಲ. ಆದರೂ ಎರಡು ಊರುಗಳೂ ಅದೇ ವರ್ಷ ಒಂದೇ ತೀರ್ಮಾನಕ್ಕೆ ಬಂದವು: ಕಾಲ ಎಷ್ಟೇ ಕೆಟ್ಟದ್ದಿರಲಿ, ಸಾಮಾನ್ಯ ಜನ ನಡೆದು ಹೋಗಬಲ್ಲ ದೂರದಲ್ಲಿ ಒಳ್ಳೆಯ ಸಂಗೀತ ಇರಲೇಬೇಕು.

ಮರುವರ್ಷ, 1940ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಅವರ ನಂತರ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತವನ್ನೂ ಆಳವಾಗಿ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಸ್ಥೆಗೆ ಬೆನ್ನೆಲುಬಾಗಿ ನಿಂತವರು. ಅಷ್ಟು ದೊಡ್ಡ ರಸಿಕ ಸಿಂಹಾಸನದ ಮೇಲಿದ್ದರೂ ಕಾಲವೇ ಬದಲಾಗಿತ್ತು. ಸಂಸ್ಥಾನಗಳು ವಿಲೀನವಾದವು, ಆಸ್ಥಾನ ವಿದ್ವಾಂಸರ ಕಾಲ ಮುಗಿಯುತ್ತ ಬಂತು. ಮೈಸೂರು ಸೀಮೆಯ ಸಂಗೀತಗಾರರಿಗೆ ವೇದಿಕೆಯನ್ನೂ ಸಂಭಾವನೆಯನ್ನೂ ಕೇಳುಗರನ್ನೂ ಕೊಡುವ ಕೆಲಸ 1905ರಿಂದಲೇ ಇದ್ದ ಬೆಂಗಳೂರು ಗಾಯನ ಸಮಾಜದಂಥ ಸಭೆಗಳಿಗೂ, ರಾಮೋತ್ಸವದ ಮಂಡಳಿಗಳಿಗೂ ಬಂತು. ಒಬ್ಬ ರಾಜ ಕೊಡುತ್ತಿದ್ದುದನ್ನು ಸಾವಿರ ಮನೆಗಳು ಹಂಚಿಕೊಂಡು ಕೊಟ್ಟವು.

ಚಪ್ಪರದ ಒಂದು ಸಂಜೆ

ರಾಮೋತ್ಸವದ ಸಂಜೆ ಶುರುವಾಗುವುದು ಕಚೇರಿಗೆ ಎಷ್ಟೋ ಮುಂಚೆ. ಮೊದಲು ಬರುವವನು ಮೃದಂಗದವನು. ಎಡಬದಿಯ ಮುಚ್ಚಿಗೆಗೆ ನೀರಲ್ಲಿ ನಾದಿದ ರವೆಯ ಮುದ್ದೆಯನ್ನು ಹಚ್ಚುತ್ತಾನೆ. ರವೆ ಹೆಚ್ಚಾದರೆ ದನಿ ಮಂಕು, ಕಡಿಮೆಯಾದರೆ ತಗಡು ಬಡಿದ ಹಾಗೆ. ಬಲಬದಿಯ ಅಂಚನ್ನು ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿಗೆ ತರುತ್ತಾನೆ. ಚೈತ್ರದ ಒಣ ಗಾಳಿಗೆ ಚರ್ಮ ಬಿಗಿಯುತ್ತದೆ, ನಡುವೆ ಮಳೆ ಹನಿಸಿದರೆ ಸಡಿಲವಾಗುತ್ತದೆ. ಆದ್ದರಿಂದ ಕಚೇರಿ ನಡೆಯುತ್ತಿರುವಾಗಲೂ ಅವನ ಕಿವಿ ಮುಚ್ಚಿಗೆಯ ಮೇಲೆಯೇ. ತಂಬೂರಿಯವರು ತಂತಿಯಡಿಯ ದಾರದ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ಒಂದು ಕಡೆ ಬಂದು ನಿಂತಾಗ ತಂತಿ ಝೇಂಕರಿಸುತ್ತದೆ. ಆ ಜೀವಾಳ ಸಿಕ್ಕಿತೆಂದರೆ ವೇದಿಕೆ ಸಿದ್ಧ. ನಡುವೆ ಗಾಯಕರು, ಒಂದು ಬದಿಗೆ ಪಿಟೀಲು, ಇನ್ನೊಂದು ಬದಿಗೆ ಮೃದಂಗ, ಹಿಂದೆ ತಂಬೂರಿ, ಪಕ್ಕದಲ್ಲಿ ಹೂವಿನ ಅಲಂಕಾರದ ರಾಮ ಸೀತೆ ಲಕ್ಷ್ಮಣ ಆಂಜನೇಯ.

ಕಚೇರಿಯ ಕ್ರಮ ಇಂದಿಗೂ ಬಹುಮಟ್ಟಿಗೆ ಅರಿಯಕ್ಕುಡಿಯವರು ನಿಲ್ಲಿಸಿಕೊಟ್ಟದ್ದು. ಮೊದಲು ವರ್ಣ, ಆಮೇಲೆ ಚಿಕ್ಕ ಚಿಕ್ಕ ಕೃತಿಗಳು, ನಡುವೆ ಒಂದು ದೊಡ್ಡ ರಾಗದ ಆಲಾಪನೆ, ಕೃತಿ, ನೆರವಲು, ಸ್ವರಕಲ್ಪನೆ, ಮೃದಂಗದವರ ತನಿ ಆವರ್ತನ, ಸಮಯವಿದ್ದರೆ ರಾಗ ತಾನ ಪಲ್ಲವಿ, ಕೊನೆಗೆ ದೇವರನಾಮಗಳು, ಮಂಗಳ. ಪಂಡಿತರಿಗೆ ಬೇಕಾದದ್ದೂ ಇದೆ, ಆಗತಾನೆ ಅಂಗಡಿ ಮುಚ್ಚಿ ಬಂದವನಿಗೆ ಬೇಕಾದದ್ದೂ ಇದೆ. ಬಡಾವಣೆಯ ಕೇಳುಗರು ಈ ಕ್ರಮವನ್ನು ಪುಸ್ತಕದಿಂದ ಕಲಿತವರಲ್ಲ. ಅಮ್ಮನ ಮಡಿಲಲ್ಲಿ ನಿದ್ದೆ ಮಾಡುತ್ತ, ಅಣ್ಣನ ಜೊತೆ ಕಡಲೆಕಾಯಿ ತಿನ್ನುತ್ತ, ವರ್ಷಕ್ಕೊಮ್ಮೆ ಕೇಳಿ ಕೇಳಿ, ಕಲ್ಯಾಣಿ ಯಾವುದು ತೋಡಿ ಯಾವುದು ಎಂದು ಕಿವಿಯೇ ಹೇಳುವ ಮಟ್ಟಕ್ಕೆ ಬಂದವರು. ಸಂಗೀತ ಶಾಲೆ ಹಾಡುವವರನ್ನು ತಯಾರು ಮಾಡಿದರೆ, ಚಪ್ಪರ ಕೇಳುವವರನ್ನು ತಯಾರು ಮಾಡಿತು. ಕೇಳುವವರಿಲ್ಲದೆ ಹಾಡುವವರು ಬಾಳಲಾರರು. ಆದ್ದರಿಂದ ಈ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಚಾಮರಾಜಪೇಟೆಯ ವೇದಿಕೆಯ ಮೇಲೆ ಚೆಂಬೈ ವೈದ್ಯನಾಥ ಭಾಗವತರು, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಎಂ.ಎಸ್. ಸುಬ್ಬುಲಕ್ಷ್ಮಿ, ಎಂ. ಬಾಲಮುರಳಿಕೃಷ್ಣ, ನಮ್ಮವರೇ ಆದ ಆರ್.ಕೆ. ಶ್ರೀಕಂಠನ್ ಅಂಥವರು ಹಾಡಿದ್ದಾರೆ, ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ ವೀಣೆ ನುಡಿಸಿದ್ದಾರೆ. ಹಿಂದೂಸ್ತಾನಿಯ ಭೀಮಸೇನ ಜೋಶಿಯವರಿಗೂ ಇದು ಮೆಚ್ಚಿನ ವೇದಿಕೆಯಾಗಿತ್ತು. ತುಂಗಭದ್ರೆಯ ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕ ಎಂದು ಸಂಗೀತದ ಗಡಿ ಎಳೆಯುವ ವಾಡಿಕೆ ನಮ್ಮಲ್ಲಿದೆ. ಗದಗ ಸೀಮೆಯ ಜೋಶಿಯವರು ಚಾಮರಾಜಪೇಟೆಯ ರಾಮನ ಎದುರು ಹಾಡಿ, ಮೈಸೂರು ಸೀಮೆಯ ಕಿವಿಗಳು ತಡರಾತ್ರಿಯವರೆಗೆ ಕೂತು ಕೇಳಿದಾಗ ಆ ಗೆರೆ ತಾನಾಗಿಯೇ ಅಳಿಸಿತು. ರಾಜ್ಯ ಏಕೀಕರಣ ಕಾಗದದ ಮೇಲೆ ಆದದ್ದು 1956ರಲ್ಲಿ. ಕಿವಿಗಳ ಏಕೀಕರಣಕ್ಕೆ ಇಂಥ ಚಪ್ಪರಗಳು ದುಡಿದಿವೆ.

ನಡೆಸಿಕೊಂಡು ಹೋಗುವ ಕಷ್ಟ

ಸಂಗೀತೋತ್ಸವದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಲಾವಿದರ ಹೆಸರು ಬರೆದು ಮುಗಿಸುತ್ತಾರೆ. ಆದರೆ ಸಂಸ್ಥೆಯ ಚರಿತ್ರೆ ನಿಜವಾಗಿ ಇರುವುದು ರಸೀದಿ ಪುಸ್ತಕದಲ್ಲಿ. ಯುಗಾದಿಗೆ ತಿಂಗಳುಗಳ ಮುಂಚೆಯೇ ಮನೆಮನೆಗೆ ಹೋಗಿ ಚಂದಾ ಎತ್ತಬೇಕು. ಕಲಾವಿದರಿಗೆ ಬರೆದು ತಾರೀಖು ಹೊಂದಿಸಬೇಕು. ಒಬ್ಬರ ತಾರೀಖು ತಪ್ಪಿದರೆ ಪಕ್ಕವಾದ್ಯದವರದ್ದೆಲ್ಲ ಏರುಪೇರು. ಬಂದವರನ್ನು ರೈಲು ನಿಲ್ದಾಣದಿಂದ ಕರೆತರಬೇಕು, ಉಳಿಯಲು ಮನೆ ನೋಡಬೇಕು, ಅವರವರ ಪಥ್ಯಕ್ಕೆ ತಕ್ಕ ಊಟ ಹಾಕಬೇಕು. ಚಪ್ಪರದವನು, ಮೈಕಿನವನು, ಕುರ್ಚಿಯವನು, ಹೂವಿನವನು, ಪಾನಕಕ್ಕೆ ಬೆಲ್ಲ ಕೊಡುವ ಮಂಡಿಯವನು ಎಲ್ಲರ ಲೆಕ್ಕ ಬೇರೆ ಬೇರೆ. ಗಾಳಿ ಮಳೆಗೆ ಚಪ್ಪರ ಹಾರಿದರೆ ರಾತ್ರೋರಾತ್ರಿ ಮತ್ತೆ ಹಾಕಬೇಕು. ಇದನ್ನೆಲ್ಲ ಸಂಬಳವಿಲ್ಲದೆ, ಹಗಲು ತಮ್ಮ ಕೆಲಸ ಮುಗಿಸಿ ಬಂದು ಮಾಡಿದವರ ಹೆಸರು ಕರಪತ್ರದಲ್ಲಿ ಇರುವುದಿಲ್ಲ. ನಾರಾಯಣಸ್ವಾಮಿ ರಾಯರು ಬದುಕಿನುದ್ದಕ್ಕೂ ಇದನ್ನೇ ಮಾಡಿದರು. ಅವರ ಮನೆಯವರೂ ಬಡಾವಣೆಯವರೂ ಅದನ್ನು ಮುಂದುವರಿಸಿದರು. ಒಬ್ಬ ವ್ಯಕ್ತಿಯ ಹುಚ್ಚು ಒಂದು ಸಂಸ್ಥೆಯ ಶಿಸ್ತಾಗಿ ಬದಲಾದದ್ದೇ ಅದರ ದೀರ್ಘಾಯುಷ್ಯಕ್ಕೆ ಕಾರಣ.

ಇನ್ನೊಂದು ಕಾರಣ ಪಂಚಾಂಗ. ಈ ವರ್ಷ ಮಾಡೋಣವೇ ಬೇಡವೇ ಎಂಬ ಪ್ರಶ್ನೆಯೇ ರಾಮನವಮಿಗೆ ಇಲ್ಲ. ಹಬ್ಬ ಬಂದೇ ಬರುತ್ತದೆ, ಹಾಗಾಗಿ ಕಚೇರಿಯೂ ನಡೆದೇ ತೀರಬೇಕು. ಎಷ್ಟೋ ಒಳ್ಳೆಯ ಸಂಗೀತ ಸಭೆಗಳು ಉತ್ಸಾಹ ಇಳಿದ ವರ್ಷ ನಿಂತುಹೋದವು. ಹಬ್ಬಕ್ಕೆ ಕಟ್ಟಿಕೊಂಡವು ಉತ್ಸಾಹ ಇಳಿದ ವರ್ಷವೂ ಚಿಕ್ಕದಾಗಿ ನಡೆದು, ಮರುವರ್ಷ ಚೇತರಿಸಿಕೊಂಡವು.

ಬೇರೆ ಬೀದಿ, ಬೇರೆ ಊರು

ಚಾಮರಾಜಪೇಟೆಯ ದಾರಿಯಲ್ಲಿ ಎಷ್ಟೋ ಬಡಾವಣೆಗಳು ನಡೆದವು. ಮೈಸೂರಿನ ವಾಣಿವಿಲಾಸ ಮೊಹಲ್ಲಾದ ಎಂಟನೆಯ ಕ್ರಾಸಿನವರು 1962ರಿಂದ ಗಣಪತಿ ಹಬ್ಬಕ್ಕೆ ರಸ್ತೆಯ ಮೇಲೆಯೇ ಚಪ್ಪರ ಹಾಕಿ ಕಚೇರಿ ನಡೆಸುತ್ತ ಬಂದಿದ್ದಾರೆ. ಸಂಗೀತಗಾರರ ನಡುವೆ ಎಂಟನೇ ಕ್ರಾಸು ಎಂದರೆ ಸಾಕು, ಊರಿನ ಹೆಸರು ಬೇಕಿಲ್ಲ. ಒಂದು ಅಡ್ಡರಸ್ತೆಯ ನಿವಾಸಿಗಳು ಸೇರಿ ದೇಶದ ಸಂಗೀತ ನಕ್ಷೆಯಲ್ಲಿ ತಮ್ಮ ರಸ್ತೆಗೆ ಒಂದು ಜಾಗ ಸಂಪಾದಿಸಿದರು.

ಹಳ್ಳಿಗೆ ಇದು ಆಗದ ಕೆಲಸ ಎನ್ನುವವರು ಹಾಸನ ಜಿಲ್ಲೆಯ ರುದ್ರಪಟ್ಟಣವನ್ನು ನೋಡಬೇಕು. ಅರಕಲಗೂಡು ತಾಲ್ಲೂಕಿನ, ಕಾವೇರಿ ದಂಡೆಯ ಚಿಕ್ಕ ಊರು ಅದು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಇವರೆಲ್ಲ ಆ ಮಣ್ಣಿನವರು. ಪದ್ಮನಾಭ ಅವರು ಹುಟ್ಟೂರಿಗೆ ಸಂಗೀತೋತ್ಸವವನ್ನು ತಂದರು. ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳಿಗೆ ಧ್ಯಾನ ಮಂದಿರವನ್ನೇ ಕಟ್ಟಿಸಿದರು. ಅಲ್ಲಿ ದೇವರ ಮನೆಯೂ ಸಂಗೀತದ ಮನೆಯೂ ಒಂದೇ. ಹಳ್ಳಿಯ ಜಗಲಿಗಳ ಮೇಲೆ ಪಾಠ ಕೇಳಿದ ಸ್ವರ ದೊಡ್ಡ ಊರುಗಳನ್ನು ಸುತ್ತಿ ಮತ್ತೆ ಹಳ್ಳಿಗೆ ಬರಲು ಆಗುತ್ತದೆ ಎಂಬುದಕ್ಕೆ ರುದ್ರಪಟ್ಟಣ ಕಣ್ಣೆದುರಿನ ಸಾಕ್ಷಿ.

ನಮ್ಮ ದುರ್ಗದ ಹಕ್ಕು

ಚಿತ್ರದುರ್ಗಕ್ಕೆ ಸಂಗೀತದ ಕಥೆ ಹೊರಗಿನಿಂದ ಬರಬೇಕಿಲ್ಲ. ಕೋಟೆಯ ನಾಡಿನ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬದುಕನ್ನು ಕುರಿತು ತ.ರಾ.ಸು. 1952ರಲ್ಲಿ ಹಂಸಗೀತೆ ಕಾದಂಬರಿ ಬರೆದರು. ದೊರೆಯ ಎದುರು ಹಾಡುವುದಕ್ಕಿಂತ ದೇವರ ಎದುರಿನ ಹಾಡೇ ದೊಡ್ಡದು ಎಂದು ನಂಬಿ, ಅದಕ್ಕಾಗಿ ಎಲ್ಲವನ್ನೂ ತೆತ್ತ ಸಂಗೀತಗಾರನ ಕಥೆ ಅದು. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದರು. ಅನಂತನಾಗ್ ನಟಿಸಿದರು, ಬಾಲಮುರಳಿಕೃಷ್ಣ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. ದುರ್ಗದ ಗುಡಿಯ ಸಂಗೀತ ಹೀಗೆ ಇಡೀ ದೇಶದ ಕಿವಿಗೆ ಬಿತ್ತು. ದೇವರ ಎದುರು, ಊರಿನ ಜನರ ನಡುವೆ ಹಾಡುವುದೇ ಸಂಗೀತಕ್ಕೆ ಹೆಚ್ಚಿನ ಮರ್ಯಾದೆ ಎಂಬ ನಂಬಿಕೆ ಈ ಕಥೆಯ ಜೀವ. ರಾಮೋತ್ಸವದ ಚಪ್ಪರಗಳು ಪ್ರತಿವರ್ಷ ಎತ್ತಿ ಹಿಡಿಯುವುದೂ ಅದನ್ನೇ.

ಹಾಗಾದರೆ ನಮ್ಮ ಹಿರಿಯೂರು ಸೀಮೆಯ ಯಲ್ಲದಕೆರೆಯಂಥ ಊರು ಏನು ಮಾಡಬಹುದು? ಹಿರಿಯೂರಿನ ವಾಣಿವಿಲಾಸ ಸಾಗರದ ನೀರು ಹೊಲಕ್ಕೆ ಬರಬೇಕಾದರೆ ಕಾಲುವೆ ತೋಡಲೇಬೇಕಾಯಿತು. ಸಂಗೀತಕ್ಕೂ ಯಾರಾದರೂ ಗುದ್ದಲಿ ಹಿಡಿಯಬೇಕು. ಚರಿತ್ರೆ ಕಲಿಸುವ ಪಾಠ ನೇರವಾಗಿದೆ. ಕಚೇರಿಯನ್ನು ಊರಿನ ಹಬ್ಬವೊಂದಕ್ಕೆ ಕಟ್ಟಬೇಕು, ಆಗ ಅದು ಯಾರ ಉತ್ಸಾಹವನ್ನೂ ಕಾಯುವುದಿಲ್ಲ. ದೊಡ್ಡ ದಾನಿಯೊಬ್ಬನ ಚೆಕ್ಕಿಗಿಂತ ನೂರು ಮನೆಗಳ ಹತ್ತತ್ತು ರೂಪಾಯಿಯನ್ನು ನಂಬಬೇಕು. ದಾನಿ ಹೋದರೆ ಹೋದ, ನೂರು ಮನೆ ಒಂದೇ ದಿನ ಹೋಗುವುದಿಲ್ಲ. ಹೊರಗಿನ ವಿದ್ವಾಂಸರನ್ನು ಕರೆಸುವ ದಿನವೇ ನಮ್ಮ ಭಜನೆಯವರನ್ನೂ ತತ್ವಪದದವರನ್ನೂ ಗಣೆಯವರನ್ನೂ ಅದೇ ವೇದಿಕೆಯ ಮೇಲೆ, ಅದೇ ಮರ್ಯಾದೆ ಕೊಟ್ಟು ಕೂರಿಸಬೇಕು. ಕೃಷ್ಣಪ್ಪನವರು ದೇವರನಾಮಕ್ಕೆ ಕಚೇರಿಯಲ್ಲಿ ಪೀಠ ಕೊಟ್ಟಂತೆ ನಾವು ನಮ್ಮ ಸೀಮೆಯ ಹಾಡಿಗೆ ಪೀಠ ಕೊಡಬೇಕು. ಜಾತಿ, ಗಂಡು ಹೆಣ್ಣು ಎಂಬ ಗೆರೆಗಳನ್ನು ಚಪ್ಪರದ ಹೊರಗೇ ಬಿಡಬೇಕು. ನಾಗರತ್ನಮ್ಮನವರು ಪಟ್ಟ ಪಾಡನ್ನು ನಮ್ಮ ಮಕ್ಕಳು ಮತ್ತೆ ಪಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕೂರಿಸಬೇಕು. ಅವರು ಗದ್ದಲ ಮಾಡಿಯಾರು, ಅರ್ಧಕ್ಕೆ ನಿದ್ದೆ ಹೋದಾರು. ಆದರೂ ಮುಂದಿನ ಐವತ್ತು ವರ್ಷದ ಕೇಳುಗರು ಅವರೇ.

ಚಾಮರಾಜಪೇಟೆಯ ಉತ್ಸವ ಶುರುವಾದಾಗ ಅದರ ಬೆನ್ನಿಗೆ ಅರಮನೆಯೂ ಇರಲಿಲ್ಲ, ಸರ್ಕಾರದ ಅನುದಾನವೂ ಇರಲಿಲ್ಲ. ಒಂದು ರಾಮನ ವಿಗ್ರಹ, ಒಂದು ಬೀದಿ, ಹಟ ಹಿಡಿದ ಕೆಲವು ಹುಡುಗರು ಇದ್ದರು. ನಮ್ಮಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಬರುವ ಚೈತ್ರಕ್ಕೆ ಒಂದೇ ಒಂದು ಸಂಜೆಯಾದರೂ ಸರಿ, ಗುಡಿಯ ಮುಂದೆ ಚಪ್ಪರ ಹಾಕಿ ಶುರುಮಾಡೋಣ. ಮರುವರ್ಷ ಅದನ್ನು ಎರಡು ಮಾಡುವ ಕೆಲಸ ಊರಿನದು.